ಸ್ವಿಚ್ ಒತ್ತಿದ್ದು ನಾಗಝರಿಗೆ ತಿಳಿಯುವುದು ಹೇಗೆ?

ಕಾಳಿ ನದಿಯ ನೀರು ಚಿಗಳ್ಳಿಗೆ ಬರುವುದಿಲ್ಲ. ಜೋಯಿಡಾ ತಾಲ್ಲೂಕಿನಲ್ಲಿ ಹುಟ್ಟುವ ನದಿ ಸೂಪಾ ಅಣೆಕಟ್ಟಿನಲ್ಲಿ ತಂಗಿ, ದಾಂಡೇಲಿಯನ್ನು ಹಾದು, ಘಟ್ಟ ಇಳಿದು ಕಾರವಾರದ ಬಳಿ ಸಮುದ್ರ ಸೇರುತ್ತದೆ. ಮುಂಡಗೋಡ ತಾಲ್ಲೂಕಿನ ಚಿಗಳ್ಳಿ ಇರುವುದು ಆ ಹಾದಿಯಿಂದ ದೂರ, ಪೂರ್ವದ ಕಡೆಗೆ. ಆದರೂ ಚಿಗಳ್ಳಿಯ ಮನೆಯಲ್ಲಿ ಸಂಜೆ ಹೊತ್ತುವ ದೀಪಕ್ಕೆ ಕಾಳಿಯ ಪಾಲೂ ಸೇರಿರುತ್ತದೆ.

ಆ ಪಾಲು ಯಾವುದು? ಅಂಬಿಕಾನಗರದ ಹತ್ತಿರದ ನಾಗಝರಿ ವಿದ್ಯುದಾಗಾರಕ್ಕೆ ಎಷ್ಟು ನೀರು ಒಳಹೋಗುತ್ತದೆಯೋ ಅಷ್ಟೂ ಹೊರಗೆ ಬರುತ್ತದೆ. ಕೆಳಗಡೆ ಕೊಡಸಳ್ಳಿಯಲ್ಲೂ ಕದ್ರಾದಲ್ಲೂ ಅದೇ ನೀರಿನಿಂದ ಮತ್ತೆ ವಿದ್ಯುತ್ ತೆಗೆಯುತ್ತಾರೆ. ಕರೆಂಟು ತೆಗೆದ ನೀರಿನಲ್ಲಿ ಸತ್ವ ಉಳಿಯುವುದಿಲ್ಲ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಪರೀಕ್ಷಿಸಿ ನೋಡಿದರೆ ನೀರು ನೀರಾಗಿಯೇ ಇರುತ್ತದೆ; ಅದು ಕಳೆದುಕೊಂಡದ್ದು ಎತ್ತರವನ್ನು ಮಾತ್ರ.

ಇನ್ನೊಂದು ಒಗಟು ಇದಕ್ಕಿಂತ ಗಟ್ಟಿ. ತಂತಿಗಳಲ್ಲಿ ವಿದ್ಯುತ್ತನ್ನು ಕೂಡಿಡಲು ಬರುವುದಿಲ್ಲ. ಬೇಕಾದಾಗ, ಬೇಕಾದಷ್ಟೇ ತಯಾರಾಗಬೇಕು. ಹಾಗಾದರೆ ಚಿಗಳ್ಳಿಯಲ್ಲಿ ಯಾರೋ ಒಂದು ಪಂಪ್‌ಸೆಟ್ ಚಾಲೂ ಮಾಡಿದರೆ, ಈಗ ಇನ್ನಷ್ಟು ಬೇಕು ಎಂಬ ಸುದ್ದಿ ವಿದ್ಯುದಾಗಾರಕ್ಕೆ ಯಾರು ಮುಟ್ಟಿಸುತ್ತಾರೆ? ತಾಮ್ರ ಮತ್ತು ಅಯಸ್ಕಾಂತದ ನಡುವಿನ ಒಂದೇ ಒಂದು ನಿಯಮ ಈ ಎರಡೂ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ.

ತಂತಿಯೊಳಗೆ ಮೊದಲೇ ಇರುವುದು

ತಾಮ್ರದ ತಂತಿಗೆ ವಿದ್ಯುತ್ ಹೊರಗಿನಿಂದ ಬಂದು ತುಂಬಿಕೊಳ್ಳುವುದಿಲ್ಲ. ತಾಮ್ರದ ಪ್ರತಿಯೊಂದು ಪರಮಾಣುವೂ ತನ್ನ ಹೊರಸುತ್ತಿನ ಒಂದು ಇಲೆಕ್ಟ್ರಾನನ್ನು ಸಡಿಲ ಬಿಟ್ಟಿರುತ್ತದೆ. ಒಂದು ಘನ ಮಿಲಿಮೀಟರ್ ತಾಮ್ರದಲ್ಲಿ ಇಂಥ ಇಲೆಕ್ಟ್ರಾನ್‌ಗಳು ಎಂಟರ ಮುಂದೆ 19 ಸೊನ್ನೆ ಬರೆದಷ್ಟು ಇವೆ. ಅಂಗಡಿಯಿಂದ ತಂದ ಹೊಸ ತಂತಿಯಲ್ಲೂ ಅವು ಇದ್ದೇ ಇರುತ್ತವೆ, ಗೊತ್ತುಗುರಿಯಿಲ್ಲದೆ ಎಲ್ಲ ದಿಕ್ಕಿಗೂ ಓಡಾಡುತ್ತಿರುತ್ತವೆ. ಅವೆಲ್ಲ ಒಂದೇ ದಿಕ್ಕಿಗೆ ಸರಿಯತೊಡಗಿದರೆ ಅದಕ್ಕೆ ವಿದ್ಯುತ್ ಪ್ರವಾಹ ಎನ್ನುತ್ತಾರೆ. ಪ್ರವಾಹ ಎಷ್ಟೆಂದು ಅಳೆಯುವುದು ಆಂಪಿಯರ್‌ನಲ್ಲಿ. ಅವನ್ನು ಸರಿಸುವ ನೂಕು ಎಷ್ಟೆಂದು ಅಳೆಯುವುದು ವೋಲ್ಟ್‌ನಲ್ಲಿ. ಸರಿಯಲು ದಾರಿ ಬೇಕು, ಆ ದಾರಿ ಸುತ್ತುಹಾಕಿ ಹೊರಟಲ್ಲಿಗೇ ಮರಳಬೇಕು. ಸ್ವಿಚ್ ಮಾಡುವ ಕೆಲಸ ಇಷ್ಟೇ: ಕಡಿದುಹೋದ ದಾರಿಯನ್ನು ಕೂಡಿಸುವುದು.

ಈ ಸರಿದಾಟ ಎಷ್ಟು ನಿಧಾನ ಎಂದರೆ ನಂಬುವುದು ಕಷ್ಟ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಹರಿಯುವಾಗ ಇಲೆಕ್ಟ್ರಾನ್‌ಗಳು ಒಂದು ಮೀಟರ್ ಮುಂದೆ ಹೋಗಲು ಸುಮಾರು ನಾಲ್ಕು ತಾಸು ಹಿಡಿಯುತ್ತದೆ. ಅದೂ ಪ್ರವಾಹ ಒಂದೇ ದಿಕ್ಕಿಗೆ ಇದ್ದರೆ, ಅಂದರೆ ಬ್ಯಾಟರಿಯಿಂದ ಬರುವ ನೇರ ವಿದ್ಯುತ್ತಾದರೆ. ಮನೆಗೆ ಬರುವುದು ಪರ್ಯಾಯ ವಿದ್ಯುತ್. ಅಲ್ಲಿ ನೂಕಿನ ದಿಕ್ಕು ಅದಲುಬದಲಾಗುತ್ತಲೇ ಇರುತ್ತದೆ. ಹೋಗಿ ಬರುವ ಸುತ್ತು ಸೆಕೆಂಡಿಗೆ ಐವತ್ತು. ಅದೇ ತಂತಿಯಲ್ಲಿ, ಅದೇ ಒಂದು ಆಂಪಿಯರ್‌ಗೆ, ಇಲೆಕ್ಟ್ರಾನ್‌ಗಳು ಇದ್ದಲ್ಲೇ ಹಿಂದೆ ಮುಂದೆ ತೂಗಾಡುವ ಅಳತೆ ಮಿಲಿಮೀಟರ್‌ನ ಸಾವಿರದ ಒಂದು ಭಾಗವೂ ಆಗುವುದಿಲ್ಲ. ನಾಗಝರಿಯ ಇಲೆಕ್ಟ್ರಾನ್ ಚಿಗಳ್ಳಿಗೆ ಬರುವುದೇ ಇಲ್ಲ.

ಇಬ್ಬರು ಎಳೆಯುವ ಗರಗಸ

ಏನೂ ಬಾರದೆ ಕೆಲಸ ಹೇಗೆ ನಡೆಯುತ್ತದೆ? ದಾಂಡೇಲಿ, ಹಳಿಯಾಳದ ನಾಟಾ ಡಿಪೋಗಳ ಸೀಮೆಯಲ್ಲಿ ಯಂತ್ರದ ಗರಗಸ ಬರುವ ಮೊದಲು ದಿಮ್ಮಿ ಕೊಯ್ಯುತ್ತಿದ್ದುದು ಇಬ್ಬರು ಎದುರುಬದುರು ನಿಂತು ಎಳೆಯುವ ಉದ್ದ ಗರಗಸದಿಂದ. ಅಲಗು ಅತ್ತ ಒಂದು ಮೊಳ, ಇತ್ತ ಒಂದು ಮೊಳ ಆಡುತ್ತದೆ. ದಿನವಿಡೀ ಎಳೆದರೂ ಅದು ಎಲ್ಲಿಗೂ ಹೋಗುವುದಿಲ್ಲ, ಸವೆದು ಮರದೊಳಗೆ ಸೇರುವುದೂ ಇಲ್ಲ. ಆದರೂ ದಿಮ್ಮಿ ಸೀಳುತ್ತದೆ. ತೋಳಿನಿಂದ ಮರಕ್ಕೆ ದಾಟುವುದು ಶಕ್ತಿ. ಅಲಗು ಆ ಶಕ್ತಿಯನ್ನು ದಾಟಿಸುವ ಸಾಧನ.

ವಿದ್ಯುತ್ ತಂತಿಯ ಇಲೆಕ್ಟ್ರಾನ್ ಸಾಲು ಮಾಡುವುದು ಈ ಅಲಗಿನ ಕೆಲಸವನ್ನೇ. ಒಂದು ತುದಿಯ ಎಳೆತ ಇನ್ನೊಂದು ತುದಿಗೆ ಮುಟ್ಟುವುದಕ್ಕೆ ಅಲಗಿನ ಒಂದೊಂದು ಕಣವೂ ಆ ತುದಿಗೆ ಓಡಬೇಕಾಗಿಲ್ಲ. ತಂತಿಯಲ್ಲಿ ಎಳೆತದ ಸುದ್ದಿ ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಸಾಗುತ್ತದೆ. ನೂರು ಕಿಲೋಮೀಟರ್ ದಾಟಲು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ಸಾಕು.

ಗರಗಸ ಇನ್ನೊಂದು ಸಂಗತಿಯನ್ನೂ ತೋರಿಸುತ್ತದೆ. ಮೆದು ಮರ ಮುಗಿದು ಗಂಟು ಸಿಕ್ಕಿತೆಂದರೆ, ಕಣ್ಣು ಮುಚ್ಚಿ ಎಳೆಯುವವನಿಗೂ ಅದು ತಕ್ಷಣ ಗೊತ್ತಾಗುತ್ತದೆ. ಯಾರೂ ಕೂಗಿ ಹೇಳಬೇಕಾಗಿಲ್ಲ. ಕೈಗೆ ಭಾರ ಹೆಚ್ಚಿದ್ದೇ ಸುದ್ದಿ. ವಿದ್ಯುತ್ ಯಂತ್ರದ ಕೈಗೆ ಈ ಭಾರ ತಟ್ಟುವುದು ಹೇಗೆ ಎಂಬುದನ್ನು ತಿಳಿಯಲು ಅಯಸ್ಕಾಂತದ ಕಡೆಗೆ ತಿರುಗಬೇಕು.

ತಾಮ್ರಕ್ಕೆ ಅಂಟದ ಅಯಸ್ಕಾಂತ

ಅಯಸ್ಕಾಂತ ಕಬ್ಬಿಣದ ಮೊಳೆಯನ್ನು ಎಳೆದುಕೊಳ್ಳುತ್ತದೆ. ತಾಮ್ರದ ತಂಬಿಗೆಗೆ ಹಿಡಿದರೆ ಏನೂ ಆಗುವುದಿಲ್ಲ. ಅಯಸ್ಕಾಂತಕ್ಕೂ ವಿದ್ಯುತ್ತಿಗೂ ನಂಟಿದೆ ಎಂದು ಬಹುಕಾಲ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. 1820ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಬ್ಯಾಟರಿಗೆ ಜೋಡಿಸಿದ ತಂತಿಯ ಪಕ್ಕದಲ್ಲಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡರು. ಪ್ರವಾಹ ನಿಂತರೆ ಮುಳ್ಳು ಮತ್ತೆ ಉತ್ತರಕ್ಕೆ. ಪ್ರವಾಹ ಹರಿಯುವಷ್ಟು ಹೊತ್ತು ತಾಮ್ರದ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟಿರುತ್ತದೆ ಎಂಬುದು ಇದರಿಂದ ತಿಳಿಯಿತು. ಕಾಂತಕ್ಷೇತ್ರ ಎಂದರೆ ಅಯಸ್ಕಾಂತದ ಪ್ರಭಾವ ಹಬ್ಬಿರುವ ಜಾಗ. ತಂತಿಯನ್ನು ಸುರುಳಿಯಾಗಿ ಸುತ್ತಿದರೆ ಒಂದೊಂದು ಸುತ್ತಿನ ಪ್ರಭಾವವೂ ಕೂಡಿಕೊಳ್ಳುತ್ತದೆ. ಸುರುಳಿಯ ನಡುವೆ ಕಬ್ಬಿಣ ಇಟ್ಟರೆ ಅದು ಹಲವು ಪಟ್ಟು ಬಲಿಯುತ್ತದೆ.

ವಿದ್ಯುತ್ತಿನಿಂದ ಕಾಂತತ್ವ ಬರುವುದಾದರೆ ಕಾಂತತ್ವದಿಂದ ವಿದ್ಯುತ್ ಬರಬಾರದೇಕೆ? ಲಂಡನ್ನಿನ ಮೈಕೆಲ್ ಫ್ಯಾರಡೆ ಈ ಪ್ರಶ್ನೆಯ ಬೆನ್ನು ಹತ್ತಿದರು. 1831ರ ಆಗಸ್ಟ್ 29ರಂದು ಅವರು ಒಂದು ಕಬ್ಬಿಣದ ಬಳೆಗೆ ಎರಡು ಬೇರೆ ಬೇರೆ ಸುರುಳಿಗಳನ್ನು ಸುತ್ತಿದ್ದರು. ಒಂದಕ್ಕೆ ಬ್ಯಾಟರಿ, ಇನ್ನೊಂದರ ತಂತಿಯ ಬಳಿ ಕಾಂತದ ಮುಳ್ಳು. ಬ್ಯಾಟರಿ ಜೋಡಿಸಿದ ಕ್ಷಣ ಮುಳ್ಳು ಅದುರಿತು, ಆಮೇಲೆ ಸುಮ್ಮನಾಯಿತು. ಬ್ಯಾಟರಿ ತೆಗೆದ ಕ್ಷಣ ಎದುರು ದಿಕ್ಕಿಗೆ ಅದುರಿತು. ನಡುವೆ ಪ್ರವಾಹ ಹರಿಯುತ್ತಲೇ ಇದ್ದರೂ ಎರಡನೆಯ ಸುರುಳಿಯಲ್ಲಿ ಏನೂ ಇಲ್ಲ.

ಬದಲಾದರೆ ಮಾತ್ರ

ಉತ್ತರ ಇದ್ದದ್ದು ಆ ಅದುರಿನಲ್ಲಿ. ಕಾಂತಕ್ಷೇತ್ರ ಇದ್ದ ಮಾತ್ರಕ್ಕೆ ತಂತಿಯಲ್ಲಿ ನೂಕು ಹುಟ್ಟುವುದಿಲ್ಲ. ಸುರುಳಿಯನ್ನು ಹಾಯುವ ಕಾಂತಕ್ಷೇತ್ರ ಹೆಚ್ಚುತ್ತಿರಬೇಕು ಅಥವಾ ಕಡಿಮೆಯಾಗುತ್ತಿರಬೇಕು. ಇದಕ್ಕೆ ವಿದ್ಯುತ್ಕಾಂತೀಯ ಪ್ರೇರಣೆ ಎಂದು ಹೆಸರು.

ಶಾಲೆಯ ಪ್ರಯೋಗಾಲಯದಲ್ಲಿ ಇದನ್ನು ನೋಡಬಹುದು. ಪಂಪ್‌ಸೆಟ್ ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ಸಿಗುವ ತೆಳು ವೈಂಡಿಂಗ್ ತಂತಿಯನ್ನು ಪಿವಿಸಿ ಪೈಪಿನ ತುಂಡಿಗೆ ಇನ್ನೂರು ಸುತ್ತು ಸುತ್ತಬೇಕು. ಈ ತಂತಿಯ ಮೈಗೆ ಹೊಳಪಿನ ಲೇಪ ಇರುತ್ತದೆ. ಸುತ್ತುಗಳು ಒಂದಕ್ಕೊಂದು ತಾಗಿದರೂ ವಿದ್ಯುತ್ ಅಡ್ಡದಾರಿ ಹಿಡಿಯದಂತೆ ಅದು ತಡೆಯುತ್ತದೆ. ಎರಡು ತುದಿಗಳಲ್ಲಿ ಮಾತ್ರ ಲೇಪವನ್ನು ಉಪ್ಪುಕಾಗದದಿಂದ ತಿಕ್ಕಿ ತೆಗೆದು, ಸಣ್ಣ ಪ್ರವಾಹವನ್ನೂ ಮುಳ್ಳಿನಿಂದ ತೋರಿಸುವ ಗ್ಯಾಲ್ವನೋಮೀಟರಿಗೆ ಜೋಡಿಸಬೇಕು. ಅಯಸ್ಕಾಂತವನ್ನು ಪೈಪಿನೊಳಗೆ ತೂರಿಸಿದರೆ ಮುಳ್ಳು ಒಂದು ಕಡೆ ಸರಿಯುತ್ತದೆ. ಒಳಗೆ ಸುಮ್ಮನೆ ಹಿಡಿದರೆ ಸೊನ್ನೆಗೆ ಮರಳುತ್ತದೆ. ಹೊರಗೆಳೆದರೆ ಇನ್ನೊಂದು ಕಡೆಗೆ. ಬೇಗ ಆಡಿಸಿದಷ್ಟೂ, ಸುತ್ತು ಹೆಚ್ಚಿದಷ್ಟೂ, ಅಯಸ್ಕಾಂತ ಬಲವಾದಷ್ಟೂ ಮುಳ್ಳು ಹೆಚ್ಚು ಸರಿಯುತ್ತದೆ. ಈ ಪ್ರಯೋಗದ ಯಾವ ತಂತಿಯನ್ನೂ ಮನೆಯ ಪ್ಲಗ್ಗಿಗೆ ಜೋಡಿಸಕೂಡದು. 230 ವೋಲ್ಟ್ ಪ್ರಾಣ ತೆಗೆಯಬಲ್ಲದು.

ಇದೇ ವ್ಯವಸ್ಥೆ ಹಳೆಯ ಸೈಕಲ್ಲಿನ ಡೈನಮೊದೊಳಗೆ ಅಡಕವಾಗಿದೆ. ಬಾಟಲಿಯಾಕಾರದ ಕವಚದ ನೆತ್ತಿಯಲ್ಲಿ ಗೀರುಗೀರಾದ ಪುಟ್ಟ ಗಾಲಿ ಇರುತ್ತದೆ. ಅದು ಟೈರಿಗೆ ಒತ್ತಿಕೊಂಡು ತಿರುಗುತ್ತದೆ. ಗಾಲಿಯ ಸರಳಿನ ಕೆಳತುದಿಗೆ ಬೂದು ಬಣ್ಣದ ಉರುಳೆ ಅಯಸ್ಕಾಂತ. ಅದರ ಮೈಸುತ್ತ ಉತ್ತರ ಮತ್ತು ದಕ್ಷಿಣ ಧ್ರುವಗಳು ಸರದಿಯಲ್ಲಿ ಇರುತ್ತವೆ. ಸುತ್ತಲೂ ಕಬ್ಬಿಣದ ಹಲ್ಲುಗಳು, ಅವುಗಳಿಗೆ ಹೊಂದಿಕೊಂಡ ತಾಮ್ರದ ಸುರುಳಿ. ಉರುಳೆ ತಿರುಗಿದಂತೆ ಪ್ರತಿ ಹಲ್ಲಿನ ಮುಂದೆಯೂ ಒಮ್ಮೆ ಉತ್ತರ, ಒಮ್ಮೆ ದಕ್ಷಿಣ ಧ್ರುವ ಹಾಯುತ್ತದೆ. ಸುರುಳಿಯ ಕಾಂತಕ್ಷೇತ್ರ ಬದಲಾಗುತ್ತಲೇ ಇರುತ್ತದೆ. ಇಲೆಕ್ಟ್ರಾನ್‌ಗಳು ಹಿಂದೆ ಮುಂದೆ ತೂಗುತ್ತವೆ. 6 ವೋಲ್ಟಿನ ದೀಪ ಉರಿಯುತ್ತದೆ. ಅಯಸ್ಕಾಂತ ತಾಮ್ರವನ್ನು ಎಲ್ಲಿಯೂ ಮುಟ್ಟಿಲ್ಲ.

ಎದುರೆಳೆತ

ಡೈನಮೊ ಹಾಕಿ ಸೈಕಲ್ ತುಳಿದವರಿಗೆ ಒಂದು ಅನುಭವ ಗೊತ್ತು: ದೀಪ ಉರಿಯುವಾಗ ಪೆಡಲ್ ಭಾರವಾಗುತ್ತದೆ. ಗಾಲಿಯ ತಿಕ್ಕಾಟ ಅದಕ್ಕೆ ಸ್ವಲ್ಪ ಕಾರಣ. ಆದರೆ ಬಲ್ಬು ಕಳಚಿಟ್ಟು, ಗಾಲಿಯನ್ನು ಟೈರಿಗೆ ಒತ್ತಿಯೇ ತುಳಿದರೂ ಭಾರ ಕಡಿಮೆಯಾಗುತ್ತದೆ. ತಿಕ್ಕಾಟ ಅಷ್ಟೇ ಇದೆ, ಅಯಸ್ಕಾಂತ ಅಷ್ಟೇ ಜೋರಾಗಿ ತಿರುಗುತ್ತಿದೆ, ಸುರುಳಿಯಲ್ಲಿ ನೂಕೂ ಇದೆ. ದಾರಿ ಕಡಿದಿರುವುದರಿಂದ ಪ್ರವಾಹ ಮಾತ್ರ ಇಲ್ಲ.

ಹಾಗಾದರೆ ಭಾರ ಬರುವುದು ಪ್ರವಾಹದಿಂದ. ಸುರುಳಿಯಲ್ಲಿ ಪ್ರವಾಹ ಹರಿದರೆ, ಅರ್ಸ್ಟೆಡ್ ಕಂಡಂತೆ, ಸುರುಳಿಯೇ ಒಂದು ಅಯಸ್ಕಾಂತವಾಗುತ್ತದೆ. ಈ ಹೊಸ ಅಯಸ್ಕಾಂತದ ಸ್ವಭಾವವನ್ನು 1834ರಲ್ಲಿ ಹೈನ್ರಿಕ್ ಲೆನ್ಸ್ ನಿಯಮವಾಗಿ ಹೇಳಿದರು: ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ಅದು ವಿರೋಧಿಸುತ್ತದೆ. ಹತ್ತಿರ ಬರುವ ಧ್ರುವವನ್ನು ದೂರ ತಳ್ಳುತ್ತದೆ, ದೂರ ಹೋಗುವ ಧ್ರುವವನ್ನು ಹಿಂದಕ್ಕೆ ಎಳೆಯುತ್ತದೆ. ಇದನ್ನು ಎದುರೆಳೆತ ಎಂದು ಕರೆಯಬಹುದು.

ಎದುರೆಳೆತ ಇಲ್ಲದಿದ್ದರೆ? ಹತ್ತಿರ ಬರುವ ಧ್ರುವವನ್ನು ಸುರುಳಿ ಇನ್ನೂ ಹತ್ತಿರಕ್ಕೆ ಎಳೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಆಗ ಅಯಸ್ಕಾಂತದ ವೇಗ ಹೆಚ್ಚಿ, ಪ್ರವಾಹ ಹೆಚ್ಚಿ, ಎಳೆತ ಮತ್ತೂ ಹೆಚ್ಚುತ್ತದೆ. ಒಮ್ಮೆ ತಳ್ಳಿ ಬಿಟ್ಟ ಡೈನಮೊ ತಾನಾಗಿಯೇ ವೇಗ ಪಡೆಯುತ್ತ, ಯಾರೂ ತುಳಿಯದೆ ದೀಪ ಉರಿಸುತ್ತಿರಬೇಕಾಗುತ್ತದೆ. ಪುಕ್ಕಟೆ ಶಕ್ತಿ ಪ್ರಕೃತಿಯಲ್ಲಿ ಇಲ್ಲ. ದೀಪಕ್ಕೆ ಹೋಗುವ ಶಕ್ತಿಯನ್ನೆಲ್ಲ ಯಾರಾದರೂ ಎದುರೆಳೆತದ ವಿರುದ್ಧ ದುಡಿದೇ ಒದಗಿಸಬೇಕು. ಸೈಕಲ್ಲಿನಲ್ಲಿ ಆ ದುಡಿಮೆ ಕಾಲಿನದು.

ಎದುರೆಳೆತವನ್ನು ಕಣ್ಣಾರೆ ಕಾಣುವ ಸುಲಭದ ದಾರಿಯೂ ಇದೆ. ದಪ್ಪ ಗೋಡೆಯ ತಾಮ್ರದ ಕೊಳವೆಯನ್ನು ನೆಟ್ಟಗೆ ಹಿಡಿದು ಅದರೊಳಗೆ ಒಂದು ಬಲವಾದ ನಿಯೋಡಿಮಿಯಮ್ ಅಯಸ್ಕಾಂತವನ್ನು ಬಿಟ್ಟರೆ, ಕಲ್ಲಿನ ಚೂರು ಥಟ್ಟನೆ ಬೀಳುವ ಕಡೆ ಇದು ಮೆಲ್ಲಗೆ ಇಳಿಯುತ್ತದೆ. ಹಾದುಹೋಗುವ ಅಯಸ್ಕಾಂತ ಕೊಳವೆಯ ಗೋಡೆಯಲ್ಲಿ ಪ್ರವಾಹ ಹುಟ್ಟಿಸುತ್ತದೆ. ಆ ಪ್ರವಾಹ ಅಯಸ್ಕಾಂತವನ್ನು ತಡೆಯುತ್ತದೆ. ತಾಮ್ರಕ್ಕೆ ಅಂಟದ ಅಯಸ್ಕಾಂತವನ್ನು ತಾಮ್ರವೇ ಹಿಡಿದು ನಿಧಾನಿಸುತ್ತದೆ.

ನಾಗಝರಿಯ ಯಂತ್ರಗಳು

ಸೂಪಾದ 101 ಮೀಟರ್ ಎತ್ತರದ ಅಣೆಕಟ್ಟು ಕಾಳಿಯ ಮಳೆಗಾಲದ ನೀರನ್ನು ಹಿಡಿದಿಡುತ್ತದೆ. ಅಲ್ಲಿಂದ ಬಿಟ್ಟ ನೀರು ಬೊಮ್ಮನಹಳ್ಳಿ ಜಲಾಶಯಕ್ಕೆ ಬಂದು, ಬೆಟ್ಟದೊಳಗಿನ ಸುರಂಗ ಹಾದು, ಉಕ್ಕಿನ ಕೊಳವೆಗಳಲ್ಲಿ 300 ಮೀಟರ್‌ಗೂ ಹೆಚ್ಚು ಆಳಕ್ಕೆ ಧುಮುಕಿ ನಾಗಝರಿ ತಲುಪುತ್ತದೆ. ಸಾವಿರ ಲೀಟರಿನ ಒಂದು ಟ್ಯಾಂಕಿನಷ್ಟು ನೀರು 300 ಮೀಟರ್ ಬಿದ್ದರೆ ಬಿಟ್ಟುಕೊಡುವ ಶಕ್ತಿ ಸುಮಾರು 0.8 ಯೂನಿಟ್. ಯಂತ್ರಗಳ ಮತ್ತು ತಂತಿಗಳ ನಷ್ಟ ಕಳೆದರೂ 9 ವಾಟಿನ ಎಲ್‌ಇಡಿ ಬಲ್ಬನ್ನು ಹೆಚ್ಚುಕಡಿಮೆ ಮೂರು ಹಗಲು, ಮೂರು ರಾತ್ರಿ ಉರಿಸಲು ಅಷ್ಟು ಸಾಕು.

ನಾಗಝರಿಯಲ್ಲಿ ಆರು ಯಂತ್ರಗಳಿವೆ. ಒಟ್ಟು ಸಾಮರ್ಥ್ಯ ಸುಮಾರು 900 ಮೆಗಾವಾಟ್. ಪ್ರತಿಯೊಂದರಲ್ಲೂ ನೀರಿನ ರಭಸಕ್ಕೆ ಟರ್ಬೈನ್ ತಿರುಗುತ್ತದೆ, ಅದಕ್ಕೆ ಜೋಡಿಸಿದ ಭಾರೀ ರೋಟರ್ ತಿರುಗುತ್ತದೆ. ರೋಟರಿನ ಅಂಚಿನಲ್ಲಿ ವಿದ್ಯುತ್ತಿನಿಂದ ಕಾಂತತ್ವ ಪಡೆದ ಧ್ರುವಗಳು ಸಾಲಾಗಿ ನಿಂತಿರುತ್ತವೆ. ಸುತ್ತಲೂ ಅಲುಗಾಡದೆ ನಿಂತ ಸ್ಟೇಟರ್. ಅದರ ಸೀಳುಗಳಲ್ಲಿ ತಾಮ್ರದ ಸುರುಳಿಗಳು. ಅಳತೆ ಬೇರೆ, ಕೆಲಸ ಸೈಕಲ್ ಡೈನಮೊದ್ದೇ. ಒಂದು ಉತ್ತರ, ಒಂದು ದಕ್ಷಿಣ ಧ್ರುವದ ಜೋಡಿ ಸುರುಳಿಯ ಮುಂದೆ ಹಾದರೆ ಪರ್ಯಾಯ ವಿದ್ಯುತ್ತಿನ ಒಂದು ಸುತ್ತು ಮುಗಿಯುತ್ತದೆ. ಸೆಕೆಂಡಿಗೆ 50 ಸುತ್ತು ಬೇಕಾದರೆ, ಎಂಟು ಜೋಡಿ ಧ್ರುವಗಳಿರುವ ರೋಟರ್ ನಿಮಿಷಕ್ಕೆ ಸರಿಯಾಗಿ 375 ಬಾರಿ ತಿರುಗಬೇಕು. ಯಂತ್ರದ ವೇಗಕ್ಕೂ ಮನೆಯ ಪ್ಲಗ್ಗಿನಲ್ಲಿ ಬರುವ ಆವರ್ತನಕ್ಕೂ, ಅಂದರೆ ಸೆಕೆಂಡಿಗೆ ಆಗುವ ಸುತ್ತುಗಳ ಎಣಿಕೆಗೂ, ಹೀಗೆ ಬಿಡಿಸಲಾಗದ ಗಂಟು.

ಟಿ.ಸಿ.ಯ ಗುಂಯ್‌ಗಾನ

ಇಂಥ ಯಂತ್ರದಿಂದ ಸಾಮಾನ್ಯವಾಗಿ ಹತ್ತು, ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸಿನಲ್ಲಿ ವಿದ್ಯುತ್ ಹೊರಬರುತ್ತದೆ. ದೂರ ಕಳಿಸಲು ಅದನ್ನು 2,20,000 ಅಥವಾ 4,00,000 ವೋಲ್ಟಿಗೆ ಏರಿಸುತ್ತಾರೆ. ತಂತಿ ಬಿಸಿಯಾಗಿ ಶಕ್ತಿ ಸೋರುವುದು ಪ್ರವಾಹದಿಂದ. ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟಿನಲ್ಲಿ ಕಳಿಸಿದರೆ ಪ್ರವಾಹ ಹತ್ತನೇ ಒಂದು ಸಾಕು, ಬಿಸಿ ನೂರನೇ ಒಂದಕ್ಕೆ ಇಳಿಯುತ್ತದೆ. ಈ ಉಪಾಯದ ಬಲದಿಂದಲೇ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ.

ವೋಲ್ಟ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇರೇನಲ್ಲ, ಫ್ಯಾರಡೆಯ ಬಳೆಯೇ. ಒಂದೇ ಕಬ್ಬಿಣಕ್ಕೆ ಎರಡು ಸುರುಳಿ. ಮೊದಲನೆಯದರಲ್ಲಿ ಪರ್ಯಾಯ ವಿದ್ಯುತ್ ಹರಿಯುವುದರಿಂದ ಕಬ್ಬಿಣದ ಕಾಂತತ್ವ ಸದಾ ಬದಲಾಗುತ್ತಿರುತ್ತದೆ. ಎರಡನೆಯದರಲ್ಲಿ ಸದಾ ನೂಕು ಹುಟ್ಟುತ್ತಿರುತ್ತದೆ. ಎರಡನೆಯದರಲ್ಲಿ ಸುತ್ತು ಹೆಚ್ಚಿದ್ದರೆ ವೋಲ್ಟ್ ಏರುತ್ತದೆ, ಕಡಿಮೆಯಿದ್ದರೆ ಇಳಿಯುತ್ತದೆ. ಊರ ಹೊರಗೆ ಕಂಬಗಳ ಮೇಲೆ ಕೂತಿರುವ, ಹಳ್ಳಿಯವರು ಟಿ.ಸಿ. ಎನ್ನುವ ಪೆಟ್ಟಿಗೆ 11,000 ವೋಲ್ಟನ್ನು ಮನೆಗೆ ಬೇಕಾದ 230ರ ಸುತ್ತಮುತ್ತಲಿಗೆ ಇಳಿಸುತ್ತದೆ. ಅದರಿಂದ ಕೇಳಿಬರುವ ಗುಂಯ್ ಸದ್ದು ಕಬ್ಬಿಣದ್ದು. ಕಾಂತತ್ವ ಏರಿ ಇಳಿದಾಗಲೆಲ್ಲ ಒಳಗಿನ ಕಬ್ಬಿಣದ ಹಾಳೆಗಳು ಕಣ್ಣಿಗೆ ಕಾಣದಷ್ಟು ಉದ್ದಗಿಡ್ಡವಾಗುತ್ತವೆ, ಸೆಕೆಂಡಿಗೆ ನೂರು ಬಾರಿ.

ಸುದ್ದಿ ಹಿಂದಕ್ಕೆ ಹೋಗುವ ದಾರಿ

ಈಗ ಚಿಗಳ್ಳಿಯ ಗದ್ದೆಯಲ್ಲಿ ಒಂದು ಪಂಪ್‌ಸೆಟ್ ಚಾಲೂ ಆಯಿತೆನ್ನೋಣ. ದಾರಿ ಕೂಡಿ, ಟಿ.ಸಿ.ಯ ಎರಡನೆಯ ಸುರುಳಿಯಲ್ಲಿ ಹೊಸದಾಗಿ ಪ್ರವಾಹ ಹರಿಯುತ್ತದೆ. ಅದು ತನ್ನ ಕಾಂತಕ್ಷೇತ್ರದಿಂದ ಕಬ್ಬಿಣದೊಳಗಿನ ಬದಲಾವಣೆಯನ್ನು ವಿರೋಧಿಸುತ್ತದೆ. ಆ ವಿರೋಧವನ್ನು ಸರಿದೂಗಿಸಲು ಮೊದಲನೆಯ ಸುರುಳಿ 11,000 ವೋಲ್ಟಿನ ಲೈನಿನಿಂದ ಹೆಚ್ಚು ಪ್ರವಾಹ ಎಳೆದುಕೊಳ್ಳುತ್ತದೆ. ಮೇಲಿನ ಉಪಕೇಂದ್ರದ ಟ್ರಾನ್ಸ್‌ಫಾರ್ಮರಿನಲ್ಲಿ ಇದೇ ಕಥೆ, ಅದರ ಮೇಲಿನದರಲ್ಲೂ ಇದೇ. ಕೊನೆಗೆ ವಿದ್ಯುದಾಗಾರದ ಸ್ಟೇಟರ್ ಸುರುಳಿಗಳಲ್ಲಿ ಪ್ರವಾಹ ಹೆಚ್ಚುತ್ತದೆ. ಅವುಗಳ ಎದುರೆಳೆತ ತಿರುಗುವ ರೋಟರನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಗರಗಸಕ್ಕೆ ಗಂಟು ಸಿಕ್ಕಿತು.

ಮೊದಲ ಕ್ಷಣದಲ್ಲಿ ಪಂಪಿಗೆ ಹೋಗುವ ಶಕ್ತಿ ನೀರಿನದಲ್ಲ. ರೋಟರಿನ ತಿರುಗಾಟದಲ್ಲೇ ಇದ್ದ ಶಕ್ತಿ ಅದು, ಹಾಗಾಗಿ ರೋಟರ್ ಎಳ್ಳಷ್ಟು ನಿಧಾನವಾಗುತ್ತದೆ. ಗವರ್ನರ್ ಎಂಬ ನಿಯಂತ್ರಕ ಸದಾ ವೇಗವನ್ನು ಗಮನಿಸುತ್ತಿರುತ್ತದೆ. ವೇಗ ಇಳಿದರೆ ಅದು ಟರ್ಬೈನಿಗೆ ನೀರು ಬಿಡುವ ದ್ವಾರಗಳನ್ನು ಇನ್ನಷ್ಟು ತೆರೆಯುತ್ತದೆ, ಏರಿದರೆ ಮುಚ್ಚುತ್ತದೆ. ಕಾಳಿಯ ನೀರು ಹೆಚ್ಚು ಇಳಿಯುವುದು ಆಗ. ಯಂತ್ರಕ್ಕೆ ಚಿಗಳ್ಳಿಯ ಹೆಸರು ತಿಳಿಯಬೇಕಾಗಿಲ್ಲ. ಭಾರ ತಿಳಿದರೆ ಸಾಕು.

ಈ ಭಾರವನ್ನು ನಾಗಝರಿಯೊಂದೇ ಹೊರುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ ನಡುವಿನ 765 ಸಾವಿರ ವೋಲ್ಟಿನ ಲೈನ್ ದಕ್ಷಿಣದ ಜಾಲವನ್ನು ದೇಶದ ಉಳಿದ ಜಾಲದೊಂದಿಗೆ ಕೂಡಿಸಿತು. ಅಂದಿನಿಂದ ದೇಶದ ಜಾಲಕ್ಕೆ ಜೋಡಿಸಿದ ಜನರೇಟರುಗಳೆಲ್ಲ ಒಂದೇ ಆವರ್ತನಕ್ಕೆ ಹೆಜ್ಜೆ ಹಾಕುತ್ತವೆ, ಹೆಚ್ಚಿದ ಭಾರವನ್ನು ಹಂಚಿಕೊಳ್ಳುತ್ತವೆ. ಎರಡು ಲಕ್ಷ ಮೆಗಾವಾಟ್ ದಾಟುವ ಬೇಡಿಕೆಯಲ್ಲಿ ಒಂದು ಪಂಪ್‌ಸೆಟ್ ಯಾವ ಮಾಪಕಕ್ಕೂ ಕಾಣದು. ಲಕ್ಷಾಂತರ ಪಂಪುಗಳು ಒಟ್ಟಿಗೆ ಚಾಲೂ ಆದರೆ ಆವರ್ತನ 50ರಿಂದ ಕೆಳಗಿಳಿಯುವುದು ಕಾಣುತ್ತದೆ. ಅದನ್ನು 49.90 ಮತ್ತು 50.05ರ ನಡುವೆ ಇರಿಸಬೇಕೆಂಬುದು ನಿಯಮ. ತೀರ ಇಳಿದರೆ ಯಂತ್ರಗಳಿಗೆ ಅಪಾಯ. ಆಗ ಸ್ವಯಂಚಾಲಿತ ಸಾಧನಗಳು ಕೆಲವು ಫೀಡರ್‌ಗಳನ್ನು, ಅಂದರೆ ಊರುಗಳಿಗೆ ವಿದ್ಯುತ್ ಒಯ್ಯುವ ಲೈನುಗಳನ್ನು, ಕಡಿದು ಭಾರ ಇಳಿಸುತ್ತವೆ. ಅನಿರೀಕ್ಷಿತವಾಗಿ ಕರೆಂಟು ಹೋಗುವುದಕ್ಕೆ ಇದೂ ಒಂದು ಕಾರಣ.

ಒಂದೇ ನಿಯಮದ ಬೇರೆ ಕೆಲಸಗಳು

ಪಂಪ್‌ಸೆಟ್ಟಿನ ಮೋಟಾರು ಇದೇ ನಿಯಮವನ್ನು ತಿರುಗಿಸಿ ಬಳಸುತ್ತದೆ. ಅಲ್ಲಿ ಹೊರಸುರುಳಿಗಳಿಗೆ ವಿದ್ಯುತ್ ಕೊಟ್ಟಾಗ ಕಾಂತಕ್ಷೇತ್ರವೇ ಸುತ್ತತೊಡಗುತ್ತದೆ. ಒಳಗಿನ ರೋಟರಿನ ಸರಳುಗಳಲ್ಲಿ ಪ್ರವಾಹ ಹುಟ್ಟಿ, ಅದರ ಎಳೆತಕ್ಕೆ ರೋಟರ್ ಹಿಂಬಾಲಿಸಿ ತಿರುಗುತ್ತದೆ. ಇಂಡಕ್ಷನ್ ಒಲೆಯಲ್ಲಿ ಬದಲಾಗುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲೇ ಪ್ರವಾಹ ಹುಟ್ಟಿಸಿ ಅದನ್ನು ಕಾಯಿಸುತ್ತದೆ. ಕಾಳಿ ತೀರದ ಕೈಗಾ ಅಣುಸ್ಥಾವರದ ನಾಲ್ಕು ಘಟಕಗಳಲ್ಲಿ ಟರ್ಬೈನನ್ನು ತಿರುಗಿಸುವುದು ಉಗಿ; ಗದಗ, ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿ. ತಿರುಗಿಸುವವರು ಯಾರೇ ಆಗಲಿ, ಅಯಸ್ಕಾಂತ ಮತ್ತು ಸುರುಳಿಯ ವ್ಯವಹಾರ ಬದಲಾಗುವುದಿಲ್ಲ.

ಸೌರಫಲಕ ಮಾತ್ರ ಈ ಗುಂಪಿಗೆ ಸೇರದು. ಅಲ್ಲಿ ಬಿಸಿಲು ನೇರವಾಗಿ ಸಿಲಿಕಾನಿನ ಇಲೆಕ್ಟ್ರಾನ್‌ಗಳನ್ನು ಎಬ್ಬಿಸಿ ನೂಕುತ್ತದೆ; ತಿರುಗುವ ರೋಟರ್ ಇಲ್ಲ. ಹೀಗಾಗಿ ಭಾರ ಹಠಾತ್ತನೆ ಹೆಚ್ಚಿದಾಗ ಮೊದಲ ಕ್ಷಣಕ್ಕೆ ಒದಗುವ ತಿರುಗಾಟದ ಶಕ್ತಿಯೂ ಅಲ್ಲಿಲ್ಲ. ಜಾಲದಲ್ಲಿ ಬಿಸಿಲಿನ ಪಾಲು ಹೆಚ್ಚಿದಂತೆ ಆ ಕೊರತೆಯನ್ನು ಬ್ಯಾಟರಿಗಳಿಂದಲೋ, ಬೇಡಿಕೆಗೆ ತಕ್ಕಂತೆ ಬೇಗನೆ ತೆರೆದು ಮುಚ್ಚಬಲ್ಲ ಜಲವಿದ್ಯುತ್ ಯಂತ್ರಗಳಿಂದಲೋ ತುಂಬಿಕೊಳ್ಳಬೇಕಾಗುತ್ತದೆ.